ಎತ್ತರದ ಆಳಿಗೆ ಒಪ್ಪುವ ಕಾರು



ಅನಗವಾಡಿಯ ಇಂಥ ವಾಹನ ಮೇಳಕ್ಕೆ ಗಾಡಿ ಕೊಳ್ಳಲು ಬಂದವರು ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ: ರೊಕ್ಕ ಎಷ್ಟು, ಲೀಟರಿಗೆ ಎಷ್ಟು ಓಡುತ್ತದೆ, ನಾಳೆ ಮಾರಿದರೆ ಎಷ್ಟು ಬರುತ್ತದೆ. ಮೂರೂ ಕೇಳಲೇಬೇಕಾದ ಮಾತುಗಳೇ. ಆದರೆ ಬೀಳಗಿ, ಮುಧೋಳ, ಜಮಖಂಡಿಯ ಈ ಸೀಮೆಯಲ್ಲಿ ಆರಡಿ ದಾಟಿದ ಆಳುಗಳು ಕಡಿಮೆಯಿಲ್ಲ. ಗರಡಿಯಲ್ಲಿ ಮೈ ಬೆಳೆಸಿದವರು, ಕಬ್ಬಿನ ಹೊಲದಲ್ಲಿ ದುಡಿದು ಗಟ್ಟಿಯಾದವರು, ಈಗ ಕಾಲೇಜಿಗೆ ಹೋಗುವ ಅವರ ಮಕ್ಕಳು. ಅವರು ಕೇಳಬೇಕಾದ ನಾಲ್ಕನೆಯ ಮಾತೊಂದು ಇದೆ: ‘ಇದರಾಗ ನನ್ನ ಮೊಣಕಾಲು ಎಲ್ಲಿ ಕೂಡ್ರತಾವು?’ ಷೋರೂಮಿನಲ್ಲಿ ಸಂಕೋಚಕ್ಕೆ ಬಿದ್ದು ಅದನ್ನು ಯಾರೂ ಕೇಳುವುದಿಲ್ಲ. ಮನೆಗೆ ತಂದ ಮೇಲೆ, ಹುಬ್ಬಳ್ಳಿ ದಾಟುವ ಹೊತ್ತಿಗೆ, ಟೊಂಕ ಆ ಪ್ರಶ್ನೆ ಕೇಳತೊಡಗುತ್ತದೆ. ಆಗ ಚೆಕ್ಕು ಪಾಸಾಗಿರುತ್ತದೆ.

ಭಾರತದ ಗಂಡಸಿನ ಸರಾಸರಿ ಎತ್ತರ ಐದಡಿ ಐದಿಂಚಿನ ಆಸುಪಾಸು. ಕಾರಿನ ಒಳಾಂಗಣವನ್ನು ಅಳೆದು ಕೂರಿಸುವ ಎಂಜಿನಿಯರುಗಳು ಜಗತ್ತಿನೆಲ್ಲೆಡೆ ಒಂದು ರೂಢಿ ಇಟ್ಟುಕೊಂಡಿದ್ದಾರೆ. ನೂರು ಹೆಂಗಸರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ತೀರ ಗಿಡ್ಡ ಐವರನ್ನೂ, ನೂರು ಗಂಡಸರನ್ನು ನಿಲ್ಲಿಸಿದರೆ ತೀರ ಉದ್ದ ಐವರನ್ನೂ ಲೆಕ್ಕದ ಹೊರಗಿಟ್ಟು, ನಡುವಿನವರಿಗೆಲ್ಲ ಹೊಂದುವಂತೆ ಸೀಟು, ಸ್ಟೇರಿಂಗು, ಪೆಡಲುಗಳ ಜಾಗ ಗೊತ್ತುಮಾಡುವುದು ಆ ರೂಢಿ. ಹೊರಗುಳಿದ ಐವರಲ್ಲಿ ಒಬ್ಬರಾದರೆ ಆ ಕಾರು ನಿಮ್ಮನ್ನು ನೆನೆದು ಮಾಡಿದ್ದಲ್ಲ. ಅದರಲ್ಲಿ ಮೈಯ ತಪ್ಪೇನೂ ಇಲ್ಲ. ಕ್ರಿಕೆಟಿನಲ್ಲಿ ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಚೆಂಡನ್ನು ಪುಟಿಸಿದ್ದು ಇದೇ ಎತ್ತರದ ಬಲದಿಂದ.

ಹಿರಿಯರಿಗೆ ಅಂಬಾಸಿಡರ್ ಗೊತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಲ್ಲಿ ಶುರುಮಾಡಿ, 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಗಾಡಿ ಅದು. ಉದ್ದ ನಾಲ್ಕೂಕಾಲು ಮೀಟರಿಗೂ ಹೆಚ್ಚು, ಮಾಡು ಗುಮ್ಮಟದಂತೆ ದುಂಡಗೆ. ರುಮಾಲು ಸುತ್ತಿದ ಗೌಡರು ರುಮಾಲು ತೆಗೆಯದೆ ಒಳಗೆ ಕೂಡಬಹುದಿತ್ತು. ಇದು ಆಕಸ್ಮಿಕವಲ್ಲ, ಆ ಕಾಲದ ಕಾರುಗಳ ನಡೆಯೇ ಹಾಗಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಮುಖ್ಯಸ್ಥರಾಗಿದ್ದ ಕೆ.ಟಿ. ಕೆಲರ್, ತಲೆಯ ಮೇಲಿನ ಹ್ಯಾಟು ತೆಗೆಯದೆ ಕೂಡುವಷ್ಟು ಎತ್ತರ ಕಾರಿಗೆ ಇರಲೇಬೇಕೆಂದು ಹಟ ಹಿಡಿದು 1940ರ ದಶಕದ ಕೊನೆಯಲ್ಲಿ ಕಾರು ಮಾಡಿಸಿದರು. ತಗ್ಗಾದ, ಉದ್ದನೆಯ ಕಾರುಗಳ ಅಂದಕ್ಕೆ ಮನಸೋತಿದ್ದ ಗಿರಾಕಿಗಳು ಅವರ ಕಾರಿನತ್ತ ಅಷ್ಟಾಗಿ ಒಲಿಯಲಿಲ್ಲ. ಆದರೂ ಕೂಡುವವನ ಪಾಲಿಗೆ ಕೆಲರ್ ಹೇಳಿದ್ದು ಸರಿಯಾಗಿಯೇ ಇತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಉದ್ದ ಮೂರು ಮೀಟರು ಮೂವತ್ತು ಸೆಂಟಿಮೀಟರಿನಷ್ಟು. ಮಧ್ಯಮ ವರ್ಗದ ಮನೆ ಮನೆಗೆ ಕಾರು ತಂದ ಶ್ರೇಯ ಅದರದು, ಅದನ್ನು ಯಾರೂ ಕಸಿಯುವಂತಿಲ್ಲ. ಆದರೆ ಆರಡಿಯ ಆಳು ಅದರಲ್ಲಿ ಕುಳಿತರೆ ಮೊಣಕಾಲು ಸ್ಟೇರಿಂಗಿನ ಎರಡು ಮಗ್ಗುಲಿಗೆ ಏರುತ್ತಿದ್ದವು. ತಿರುವಿನಲ್ಲಿ ಸ್ಟೇರಿಂಗು ತಿರುವುವ ಕೈ ತೊಡೆಗೆ ತಾಗುತ್ತಿತ್ತು.

ಬಿಡುಗಡೆಯ ದಾರಿ ಜಪಾನಿನಿಂದ ಬಂತು. ಅಲ್ಲಿ ‘ಕೇ’ ಎಂಬ ಸಣ್ಣ ಕಾರುಗಳಿಗೆ ತೆರಿಗೆ ಕಡಿಮೆ. ಪ್ರತಿಯಾಗಿ ಉದ್ದ 3.4 ಮೀಟರು, ಅಗಲ 1.48 ಮೀಟರು ದಾಟುವಂತಿಲ್ಲ. ಎತ್ತರಕ್ಕೆ ಮಾತ್ರ ಎರಡು ಮೀಟರಿನವರೆಗೆ ಅವಕಾಶ. ಉದ್ದ-ಅಗಲಕ್ಕೆ ಬೇಲಿ ಬಿದ್ದ ಮೇಲೆ ಕಂಪನಿಗಳು ಮೇಲಕ್ಕೆ ಬೆಳೆದವು. 1993ರಲ್ಲಿ ಸುಜುಕಿ ವ್ಯಾಗನ್ ಆರ್ ಬಂದದ್ದು ಹೀಗೆ. ನಮ್ಮಲ್ಲಿ 1998ರಲ್ಲಿ ಹ್ಯುಂಡೈ ಸ್ಯಾಂಟ್ರೊ, ಅದರ ಬೆನ್ನಿಗೇ ವ್ಯಾಗನ್ ಆರ್ ಬಂದವು. ‘ಟಾಲ್ ಬಾಯ್’ ಎಂದು ಮಂದಿ ಕರೆದ ಮಾದರಿ ಇದು. ಇದರ ಒಳಗುಟ್ಟು ಸರಳ. ಚಾಪೆಯ ಮೇಲೆ ಕೂತವನಿಗೆ ಕಾಲು ಮುಂದೆ ಚಾಚಲು ಜಾಗ ಬೇಕು. ಕುರ್ಚಿಯ ಮೇಲೆ ಕೂತವನ ಕಾಲು ಕೆಳಗೆ ಇಳಿಯುತ್ತವೆ. ಸೀಟು ಎತ್ತರಿಸಿ ಮಾಡನ್ನೂ ಎತ್ತರಿಸಿದರೆ, ಉದ್ದನೆಯ ಕಾಲು ಮುಂದಿನ ಜಾಗ ತಿನ್ನದೆ ಕೆಳಗಿನ ಜಾಗದಲ್ಲಿ ಹಿಡಿಸುತ್ತದೆ. 2019ರಲ್ಲಿ ಬಂದ ವ್ಯಾಗನ್ ಆರ್ ಉದ್ದ 3,655 ಮಿಲಿಮೀಟರು, ಎತ್ತರ 1,675. ಉದ್ದದಲ್ಲಿ ಅಂಬಾಸಿಡರಿಗಿಂತ ಎರಡಡಿಯಷ್ಟು ಗಿಡ್ಡವಾದ ಈ ಗಾಡಿ ನೆಲದಿಂದ ಮಾಡಿಗೆ ಅದಕ್ಕಿಂತ ಎತ್ತರ. ದೊಡ್ಡ ಆಳಿಗೆ ದೊಡ್ಡ ಕಾರೇ ಬೇಕೆಂಬ ನಂಬಿಕೆ ಇಲ್ಲಿಗೇ ಸಡಿಲಾಗುತ್ತದೆ.

ರತನ್ ಟಾಟಾ ಇಂಡಿಕಾ ಮಾಡಿಸುವಾಗ ಕೊಟ್ಟ ಸೂಚನೆಯೂ ಈ ದಿಕ್ಕಿನದೇ: ಹೊರಗೆ ಮಾರುತಿ ಝೆನ್ನಿನಷ್ಟು, ಒಳಗೆ ಅಂಬಾಸಿಡರಿನಷ್ಟು. 1998ರ ಕೊನೆಗೆ ಅದು ರಸ್ತೆಗಿಳಿಯಿತು. ಆಮೇಲೆ 2008ರಲ್ಲಿ ತೋರಿಸಿದ ನ್ಯಾನೊದಲ್ಲಿ ಎಂಜಿನ್ನನ್ನು ಹಿಂದಿನ ಸೀಟಿನ ಕಡೆಗೆ ಒಯ್ದರು. ಹೊರಗೆ ಮಾರುತಿ 800ಕ್ಕಿಂತ ಸುಮಾರು 8 ಪ್ರತಿಶತ ಚಿಕ್ಕದು, ಒಳಗೆ ಸುಮಾರು 21 ಪ್ರತಿಶತ ಹೆಚ್ಚು ಜಾಗ ಎಂದು ಕಂಪನಿ ಲೆಕ್ಕ ಕೊಟ್ಟಿತು. ನ್ಯಾನೊ ವ್ಯಾಪಾರದಲ್ಲಿ ನಿಲ್ಲಲಿಲ್ಲ. ಜಾಗ ಹೊಂದಿಸುವ ಜಾಣ್ಮೆಯನ್ನು ಮಾತ್ರ ಮರೆಯಬಾರದು.

ನಮ್ಮ ಸರ್ಕಾರವೂ ಒಂದು ಬೇಲಿ ಹಾಕಿದೆ. 2006ರ ಬಜೆಟ್ಟಿನಿಂದ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ಸುಂಕ ಕಡಿಮೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ 18 ಪ್ರತಿಶತ, ಅದಕ್ಕಿಂತ ದೊಡ್ಡವಕ್ಕೆ 40. ಹೀಗಾಗಿ ಈ ಮೇಳದಲ್ಲಿ ನಿಂತ ಬಹಳಷ್ಟು ಗಾಡಿಗಳ ಉದ್ದ 3,990 ಮಿಲಿಮೀಟರಿನ ಸುತ್ತಮುತ್ತವೇ ಇರುತ್ತದೆ. ಒಂದಕ್ಕೊಂದು ಬೇರೆಯಾಗುವುದು ಒಳಗೆ. ಹೊರಗಿನ ಅಳತೆ ಒಂದೇ ಆದ ಎರಡು ಕಾರುಗಳಲ್ಲಿ ಒಂದು ಚಾಲಕನಿಗೆ ಜಾಗ ಕೊಟ್ಟಿರುತ್ತದೆ, ಇನ್ನೊಂದು ಡಿಕ್ಕಿಗೆ.

ಈಗ ಮುಖ್ಯ ಮಾತಿಗೆ ಬರೋಣ. ಎತ್ತರ ಎಂದರೆ ಒಂದೇ ಅಳತೆಯಲ್ಲ. ಆರಡಿಯ ಇಬ್ಬರನ್ನು ಅಕ್ಕಪಕ್ಕ ಬೆಂಚಿನ ಮೇಲೆ ಕೂಡಿಸಿ ನೋಡಿ. ಒಬ್ಬನ ತಲೆ ಇನ್ನೊಬ್ಬನಿಗಿಂತ ಎರಡಿಂಚು ಮೇಲಿರಬಹುದು. ಅವನದು ಉದ್ದನೆಯ ಬೆನ್ನು, ಇವನದು ಉದ್ದನೆಯ ಕಾಲು. ಬೆನ್ನು ಉದ್ದವಾದವನಿಗೆ ಮಾಡು ಶತ್ರು. ಕಾಲು ಉದ್ದವಾದವನಿಗೆ ಸ್ಟೇರಿಂಗು, ಡ್ಯಾಶ್‌ಬೋರ್ಡು ಶತ್ರು. ಆದ್ದರಿಂದ ‘ನನ್ನಷ್ಟೇ ಎತ್ತರದ ಮಾವನ ಮಗ ಇದನ್ನ ತಗೊಂಡಾನ, ಆರಾಮ ಐತಿ ಅಂದ’ ಎಂಬ ಸಾಕ್ಷಿ ಸಾಲದು. ಕೂಡಬೇಕಾದದ್ದು ತಮ್ಮದೇ ಬೆನ್ನು, ತಮ್ಮದೇ ಕಾಲು.

ಕೂಡುವುದಕ್ಕೂ ಒಂದು ಕ್ರಮ ಇದೆ. ದಿನಾ ಹಾಕುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಂಡು ಬನ್ನಿ. ಸೀಟನ್ನು ಪೂರ್ತಿ ಕೆಳಗಿಳಿಸಿ, ಪೂರ್ತಿ ಹಿಂದೆ ತಳ್ಳಿ, ಅಲ್ಲಿಂದ ಮುಂದೆ ಬರುತ್ತ ಹೋಗಿ. ಕ್ಲಚ್ಚು ತಳಮುಟ್ಟ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಸೀಟು ದೂರವಾಯಿತು. ಭುಜ ಸೀಟಿಗೆ ಒರಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ನೆತ್ತಿಯ ಮೇಲೆ ಕೂಡಬೇಕು. ಉದ್ದ ಕಾಲಿನವರು ಸೋಲುವುದು ಇಲ್ಲಿಯೇ. ಕಾಲಿಗೆ ಜಾಗ ಬೇಕೆಂದು ಸೀಟು ಹಿಂದೆ ಸರಿಸಿದರೆ ಸ್ಟೇರಿಂಗು ಕೈಗೆ ಸಿಗದು, ಸ್ಟೇರಿಂಗಿಗಾಗಿ ಮುಂದೆ ಬಂದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ. ಕೊನೆಗೆ ಬೆನ್ನು ಬಾಗಿಸಿ ಓಡಿಸುತ್ತಾರೆ, ಎರಡು ತಾಸಿಗೆ ಕುತ್ತಿಗೆ ಹಿಡಿಯುತ್ತದೆ. ಇದಕ್ಕೆ ಮದ್ದು ಒಂದೇ: ಮೇಲೆ-ಕೆಳಗೆ ಅಷ್ಟೇ ಅಲ್ಲದೆ ಚಾಲಕನ ಕಡೆಗೆ ಹೊರಕ್ಕೂ ಎಳೆಯಬಲ್ಲ ಟೆಲಿಸ್ಕೋಪಿಕ್ ಸ್ಟೇರಿಂಗು. ಫೋಕ್ಸ್‌ವ್ಯಾಗನ್ ಪೋಲೊ ನಮ್ಮಲ್ಲಿ ಮಾರಾಟಕ್ಕಿದ್ದ ಕಾಲದಲ್ಲಿ ಅಗ್ಗದ ಮಾದರಿಗೂ ಇದನ್ನು ಕೊಟ್ಟಿತ್ತು. ಇವತ್ತಿಗೂ ಹಲವು ಕಂಪನಿಗಳು ದುಬಾರಿ ಮಾದರಿಗೆ ಮಾತ್ರ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ದೊಡ್ಡ ಪರದೆ, ಬಣ್ಣದ ದೀಪಗಳಿಗೆ ಖರ್ಚು ಮಾಡುವವರು ಇಷ್ಟನ್ನು ಉಳಿಸುವುದು ಅನ್ಯಾಯ.

ತಲೆಯ ಮೇಲೆ ಕನಿಷ್ಠ ನಾಲ್ಕು ಬೆರಳು ಜಾಗ ಇರಲಿ. ರಸ್ತೆಯ ಗುಂಡಿಯಲ್ಲಿ ಗಾಡಿ ಇಳಿದೇಳುವಾಗ ಅದೂ ಬೇಕಾಗುತ್ತದೆ. ಸನ್‌ರೂಫ್ ಇರುವ ಗಾಡಿಯಲ್ಲಿ ಅದರ ಚೌಕಟ್ಟು, ಪರದೆ ಸೇರಿ ಮಾಡಿನ ಕೆಳಗಿನ ಜಾಗದಲ್ಲಿ ಒಂದೆರಡು ಇಂಚು ತಿನ್ನುವುದುಂಟು. ಅದೇ ಕಾರಿನ ಸನ್‌ರೂಫ್ ಇಲ್ಲದ ಮಾದರಿ ಆರಡಿಯವನಿಗೆ ಸರಿಹೋದೀತು, ಮೂರು ಲಕ್ಷ ಹೆಚ್ಚು ಕೊಟ್ಟ ಮಾದರಿಯಲ್ಲಿ ತಲೆ ತಾಗೀತು. ಮಕ್ಕಳು ಸನ್‌ರೂಫ್ ಬೇಕೆಂದು ಹಟ ಹಿಡಿದರೆ ಓಡಿಸುವವನನ್ನು ಮೊದಲು ಕೂಡಿಸಿ ನೋಡಿ. ಇನ್ನೊಂದು, ಗಾಡಿ ಮನೆಗೆ ಬಂದ ಮರುದಿನವೇ ದಪ್ಪ ಸ್ಪಂಜಿನ ಸೀಟ್ ಕವರ್ ಹೊಲಿಸುವ ರೂಢಿ ನಮ್ಮಲ್ಲಿದೆ. ಷೋರೂಮಿನಲ್ಲಿ ಸಿಕ್ಕ ಅರ್ಧ ಇಂಚು ಅಲ್ಲಿ ಹೋಗುತ್ತದೆ. ಸೀಟಿನ ಮಗ್ಗುಲಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ಹೊಂದದ ಕವರ್ ಹಾಕಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯೂ ಆಗುತ್ತದೆ.

ಸೀಟಿನ ಕೂಡುವ ಹಾಸು ಗಿಡ್ಡವಾಗಿದ್ದರೆ ತೊಡೆಯ ಅರ್ಧ ಭಾಗ ಗಾಳಿಯಲ್ಲಿ ತೂಗುತ್ತದೆ, ಭಾರವೆಲ್ಲ ಟೊಂಕದ ಮೇಲೆ ಬೀಳುತ್ತದೆ. ಹೆಡ್‌ರೆಸ್ಟ್ ಮೇಲೆಳೆದಾಗ ತಲೆಯ ನೆತ್ತಿಯ ಸಮಕ್ಕೆ ಬರಬೇಕು; ಅದು ಕುತ್ತಿಗೆಗೆ ನಿಂತರೆ ಹಿಂದಿನಿಂದ ಗಾಡಿ ಗುದ್ದಿದಾಗ ಕಾಯುವುದಿಲ್ಲ. ಕಣ್ಣಿನ ಎದುರು ಒಳಗನ್ನಡಿ ಅಡ್ಡ ಬರುತ್ತದೆಯೇ, ಸಿಗ್ನಲ್ಲಿನ ದೀಪ ನೋಡಲು ತಲೆ ಬಗ್ಗಿಸಬೇಕಾಗುತ್ತದೆಯೇ ಎಂದು ಪರೀಕ್ಷಿಸಿ. ಬ್ಯಾಟರಿ ಕಾರುಗಳಲ್ಲಿ ಕಾಲಿನಡಿಯ ನೆಲವನ್ನು ವಿಶೇಷವಾಗಿ ಗಮನಿಸಿ. ಪೆಟ್ರೋಲ್ ಕಾರಿನ ಮೈಗೇ ಬ್ಯಾಟರಿ ಹಾಸಿದ್ದರೆ ನೆಲ ಮೇಲೆ ಬಂದು ಮೊಣಕಾಲು ಎದ್ದಿರುತ್ತದೆ. ಇಷ್ಟೆಲ್ಲ ಹೊಂದಿಸಿದ ಮೇಲೆ ಸೀಟನ್ನು ಹಾಗೆಯೇ ಬಿಟ್ಟು, ಇಳಿದು, ಅದರ ಹಿಂದಿನ ಸೀಟಿನಲ್ಲಿ ಹೋಗಿ ಕೂಡ್ರಿ. ನಾಳೆ ಅಲ್ಲಿ ಕೂಡುವವರು ನಿಮ್ಮ ಅವ್ವ.

ಕೂಡಲು ಆರಾಮ ಬೇರೆ, ಓಡಿಸುವ ಸುಖ ಬೇರೆ. ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಏಕೆಂದರೆ ಅದರ ಭಾರ ಮೇಲಿದೆ. ತಗ್ಗಿನ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ. ಆ ಸುಖ ಎತ್ತರದವರಿಗೆ ನಿಷಿದ್ಧವೇನಲ್ಲ. 1967ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ತಾಸಿನ ಓಟಕ್ಕೆ ಫೋರ್ಡ್ ಕಂಪನಿ ಜಿಟಿ40 ಮಾರ್ಕ್ 4 ತಂದಿತ್ತು. ಹೆಸರಿನ 40 ಎಂದರೆ ಕಾರಿನ ಎತ್ತರ ಸುಮಾರು ನಲವತ್ತು ಇಂಚು, ಟೊಂಕದ ಮಟ್ಟ! ಚಾಲಕ ಡ್ಯಾನ್ ಗರ್ನಿ ಆರಡಿಗೂ ಬಹಳ ಮೇಲೆ. ಹೆಲ್ಮೆಟ್ ಹಾಕಿದರೆ ತಲೆ ಮಾಡಿಗೆ ತಾಗುತ್ತಿತ್ತು. ಕಂಪನಿ ಚಾಲಕನನ್ನು ಬದಲಿಸಲಿಲ್ಲ, ಮಾಡನ್ನು ಬದಲಿಸಿತು. ಅವರ ತಲೆ ಬರುವ ಕಡೆ ಬಟ್ಟಲಿನಂಥ ಒಂದು ಉಬ್ಬು ಮಾಡಿ ಕೊಟ್ಟರು. ಗರ್ನಿ ಮತ್ತು ಎ.ಜೆ. ಫಾಯ್ಟ್ ಆ ಕಾರಿನಲ್ಲೇ ಗೆದ್ದರು. ‘ಗರ್ನಿ ಬಬಲ್’ ಎಂಬ ಹೆಸರಿನಿಂದ ಆ ಉಬ್ಬು ಇವತ್ತಿಗೂ ಪ್ರಸಿದ್ಧ.

ಓಟದ ಕಾರಿನ ವೈಭವ ನಮಗೆ ಬೇಡ ಎನ್ನಬಹುದು. ಆದರೆ ದಿನಕ್ಕೆ ಹತ್ತು ತಾಸು ಸ್ಟೇರಿಂಗು ಹಿಡಿಯುವವರು ಈ ಸಭೆಯಲ್ಲೇ ಇದ್ದಾರೆ. ಕ್ರೂಸರ್ ಓಡಿಸುವವರು, ಟಂಟಂ ಓಡಿಸುವವರು, ಬೊಲೆರೊ ಪಿಕಪ್ಪಿನಲ್ಲಿ ರಾತ್ರಿಯಿಡೀ ತರಕಾರಿ ಹೊರುವವರು. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು, ದಾರಿ ಸಿಗುತ್ತದೆಯೇ ಎಂದು ಇಣುಕುವ ಚಾಲಕನಿಗೆ ಕಣ್ಣಿನ ಮಟ್ಟವೇ ಜೀವರಕ್ಷಣೆ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಚಾಲಕನ ಸುಖ ಕಾನೂನಿನ ವಿಷಯ ಎಂದು ಒಪ್ಪಿದ ಮೇಲೆ, ಎತ್ತರಕ್ಕೆ ಹೊಂದುವ ಸೀಟನ್ನೂ ಹೊರಕ್ಕೆ ಬರುವ ಸ್ಟೇರಿಂಗನ್ನೂ ಕೇಳಲು ಹಿಂಜರಿಕೆ ಯಾಕೆ?

ಈ ಬೇಡಿಕೆ ಕೇಳಿಸಿಕೊಳ್ಳುವವರು ದೂರದವರೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು. ಅದೇ ಮನೆತನದ ಹೆಸರು ಇವತ್ತು ಬಿಡದಿಯ ಟೊಯೊಟಾ ಕಾರ್ಖಾನೆಯ ಮೇಲಿದೆ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಅಲ್ಲಿಂದ ಹೊರಬಂದವು; ಎತ್ತರದ ಚಾಲಕರು ಬೆಂಗಳೂರಿನವರೆಗೆ ಟೊಂಕ ಹಿಡಿಯದೆ ಹೋಗಿಬರುವ ಗಾಡಿ ಎಂದು ಉತ್ತರ ಕರ್ನಾಟಕದ ಟ್ಯಾಕ್ಸಿಯವರು ಅವನ್ನು ಮೆಚ್ಚಿದರು. ನೇಗಿಲಿನ ಹಿಡಿ ರೈತನ ಕೈಗೆ ಹೊಂದಬೇಕೆಂದು ತಿಳಿದಿದ್ದ ಸೀಮೆ ಇದು.

ಮಳಿಗೆಯವರಲ್ಲಿ ಒಂದು ವಿನಂತಿ. ಮೇಲಿನ ಮಾದರಿ ಒಂದನ್ನೇ ಹೊಳಪು ಕೊಟ್ಟು ನಿಲ್ಲಿಸಬೇಡಿ, ಜನ ನಿಜವಾಗಿ ಕೊಳ್ಳುವ ಕೆಳಗಿನ ಮಾದರಿಯೂ ಪಕ್ಕದಲ್ಲಿರಲಿ. ಸೀಟಿನ ಪ್ಲಾಸ್ಟಿಕ್ಕು ತೆಗೆದಿಡಿ. ಟೆಸ್ಟ್ ಡ್ರೈವ್ ಎಂದರೆ ಗೇಟಿನಿಂದ ಗೇಟಿಗೆ ಒಂದು ಸುತ್ತಲ್ಲ. ಘಟಪ್ರಭೆಯ ಸೇತುವೆ ದಾಟಿ ಹೆದ್ದಾರಿಯಲ್ಲಿ ಅರ್ಧ ತಾಸು ಓಡಿಸಲು ಬಿಡಿ, ಆಮೇಲೆ ಊರೊಳಗಿನ ಸಂದಿಯಲ್ಲಿ ತಿರುಗಿಸಲು ಬಿಡಿ. ಮನೆಯಲ್ಲಿ ಐದಡಿಯ ಹೆಂಡತಿ, ಆರಡಿಯ ಗಂಡ ಇಬ್ಬರೂ ಓಡಿಸುವವರಿದ್ದರೆ ಇಬ್ಬರನ್ನೂ ಕೂಡಿಸಿ ನೋಡಿ. ಗಿರಾಕಿ ಇನ್ನೂ ಸ್ವಲ್ಪ ಹೊತ್ತು ಕೂಡುತ್ತೇನೆ ಎಂದರೆ ಬೇಸರ ಮಾಡಿಕೊಳ್ಳಬೇಡಿ.

ಮಂಟಪದ ಎಡಗಡೆ ಸಣ್ಣ ಕಾರುಗಳಿವೆ, ಬಲಗಡೆ ದೊಡ್ಡವು. ಎತ್ತರದವರು ಎಡಗಡೆಯಿಂದಲೇ ಶುರುಮಾಡಲಿ. ಅನಗವಾಡಿಯ ಈ ವಾಹನ ಮೇಳ ಇಲ್ಲಿಗೆ ಉದ್ಘಾಟನೆಯಾಯಿತು. ಬನ್ನಿ, ಬಾಗಿಲು ತೆಗೆದು ಒಳಗೆ ಕೂಡ್ರಿ.