ದೊಡ್ಡ ಬಿಲ್ಲು, ಸಣ್ಣ ದಾರ

(ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ಇವತ್ತು ಪಾಟಿ, ಬಳಪದ ಜೊತೆಗೆ ಒಂದು ಬಿಲ್ಲನ್ನೂ ತಂದಿದ್ದೇವೆ. ನೋಡಿ, ಆಳಿಗಿಂತ ಎತ್ತರ ಇದೆ. ಇದು ಬಿದಿರಿನ ಗಳ. ಗಳದ ತುದಿಗೆ ಕಬ್ಬಿಣದ ಕವೆ. ಕವೆಯ ಎರಡು ಕೊಂಬಿಗೆ ಎರಡು ರಬ್ಬರ್. ನಡುವೆ ಒಂದು ಚರ್ಮದ ಪಟ್ಟಿ. ಮಕ್ಕಳು ಜೇಬಲ್ಲಿ ಇಟ್ಟುಕೊಂಡು ತಿರುಗುವ ಕ್ಯಾಟರ್‌ಬಿಲ್ಲು ಗೊತ್ತಲ್ಲ? ಅದರ ದೊಡ್ಡಣ್ಣ ಇದು.

ಆದರೆ ಇದು ಹಕ್ಕಿ ಹೊಡೆಯುವ ಬಿಲ್ಲಲ್ಲ. ಮರ ಹತ್ತುವ ಬಿಲ್ಲು.

“ಬಿಲ್ಲಿಂದ ಮರ ಹತ್ತೋದು ಹೇಗೆ?” ಅಂತ ನೀವು ಕೇಳಬಹುದು. ಹೇಳ್ತೀವಿ, ಕೇಳಿ.

ಯಾಕೆ ಬೇಕಾಯಿತು ಈ ಬಿಲ್ಲು?

ನಮ್ಮ ಕಡೆ ಅಪ್ಪೆಮಿಡಿ ಅಂದರೆ ಎಲ್ಲರಿಗೂ ಗೊತ್ತು. ಅಘನಾಶಿನಿ, ಬೇಡ್ತಿ ಹೊಳೆಗಳ ದಂಡೆಯಲ್ಲಿ ದೊಡ್ಡ ದೊಡ್ಡ ಅಪ್ಪೆ ಮರಗಳಿವೆ. ಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗುತ್ತದೆ. ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬಾರದು. ತೊಟ್ಟು ಇರಬೇಕು, ಸೊನೆ ಇರಬೇಕು. ಹಾಗಾಗಿ ಮರ ಹತ್ತಿಯೇ ಕೊಯ್ಯಬೇಕು. ಬುಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಇಳಿಸಬೇಕು. ಕೆಲವರು ಹತ್ತಲಾರದೆ ಕೊಂಬೆಯನ್ನೇ ಕಡಿಯುತ್ತಾರೆ. ಈ ವರ್ಷದ ಮಿಡಿಗೆ ಮುಂದಿನ ವರ್ಷದ ಕೊಂಬೆ ಹೋಯಿತು!

ಮೂರು ವರ್ಷದ ಹಿಂದೆ ನಮ್ಮ ಊರಿನ ಒಬ್ಬ ಅಣ್ಣ ಮಿಡಿ ಮರದಿಂದ ಬಿದ್ದರು. ಮೈಗೆ ಹಗ್ಗ ಇರಲಿಲ್ಲ. ಬೆನ್ನಿನ ಮೂಳೆ ಮುರಿಯಿತು. ಇವತ್ತಿಗೂ ಅವರು ಗೋಡೆ ಹಿಡಿದೇ ನಡೆಯುತ್ತಾರೆ. ಅವರ ಹೆಂಡತಿ ನಮ್ಮ ಕೇಂದ್ರದಲ್ಲೇ ಅಕ್ಷರ ಕಲಿತವರು. ಇಲ್ಲೇ ಕೂತಿದ್ದಾರೆ.

ಆಗ ನಾವೆಲ್ಲ ಕೂತು ಯೋಚನೆ ಮಾಡಿದೆವು. ಹತ್ತುವ ಮೊದಲೇ ಮೇಲಿನ ಗಟ್ಟಿ ಕೊಂಬೆಗೆ ಹಗ್ಗ ಹಾಕಬೇಕು. ಆದರೆ ಮೊದಲ ಕೊಂಬೆಯೇ 40 ಅಡಿ ಮೇಲೆ! ದಪ್ಪ ಹಗ್ಗವನ್ನು ಅಷ್ಟು ಎತ್ತರಕ್ಕೆ ಯಾರು ಎಸೆದಾರು? ಸಣ್ಣ ದಾರವನ್ನು ಕಳಿಸಬಹುದು. ದಾರದ ಹಿಂದೆ ಹುರಿ. ಹುರಿಯ ಹಿಂದೆ ಹಗ್ಗ. ಆ ಸಣ್ಣ ದಾರವನ್ನು ಮೇಲೆ ಕಳಿಸುವುದೇ ಈ ಬಿಲ್ಲಿನ ಕೆಲಸ.

ಬಿಲ್ಲೇ ತಿರುಗಿ ಬಿದ್ದಾಗ

ಮೊದಲು ಮಾಡಿದ ಬಿಲ್ಲು ಚಿಕ್ಕದು. ಗಳ ಮೂರೇ ಅಡಿ. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ತಂತಿಯಿಂದ ಕಟ್ಟಿದ್ದೆವು. ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಹೋದ ವರ್ಷ ಶಿವರಾತ್ರಿ ಕಳೆದ ವಾರ. ಒಬ್ಬ ಹುಡುಗ ಬಿಲ್ಲು ಎಳೆದ. ಜೋರಾಗಿ ಎಳೆದ. ರಬ್ಬರ್ ಪಟ್ಟನೆ ಕಿತ್ತು ಬಂತು. ಅವನ ಕಣ್ಣಿನ ಕೆಳಗೆ ಬಡಿಯಿತು. ಒಂದು ಬೆರಳು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ನಮಗೆ ನಾಚಿಕೆ ಆಯಿತು. ಜೀವ ಉಳಿಸೋಕೆ ಮಾಡಿದ ಬಿಲ್ಲು ಕಣ್ಣು ತೆಗೆಯೋಕೆ ಬಂದಿತ್ತು. ತಪ್ಪು ಹುಡುಗನದಲ್ಲ, ನಮ್ಮದು. ಬಿಲ್ಲನ್ನು ಬಿಚ್ಚಿ ಜಗಲಿ ಮೇಲೆ ಹರಡಿದೆವು. ಒಂದೊಂದೇ ತಪ್ಪು ಕಾಣಿಸಿತು.

ಒಂದನೆಯ ತಪ್ಪು, ತಂತಿ. ಪ್ರತಿ ಸಲ ಎಳೆದಾಗಲೂ ತಂತಿ ರಬ್ಬರನ್ನು ಕೊಯ್ಯುತ್ತಿತ್ತು. ಕವೆಯ ಅಂಚೂ ಚೂಪಾಗಿತ್ತು.

ಎರಡನೆಯ ತಪ್ಪು, ಅಳತೆ. ಅಳತೆಪಟ್ಟಿ ಹಿಡಿದು ನೋಡಿದೆವು. ಒಂದು ರಬ್ಬರ್ 45 ಸೆಂಟಿಮೀಟರ್. ಇನ್ನೊಂದು 48. ಮೂರು ಸೆಂಟಿಮೀಟರ್ ವ್ಯತ್ಯಾಸ! ಗುರಿ ಸದಾ ಓರೆಯಾಗುತ್ತಿದ್ದುದು ಇದಕ್ಕೇ.

ಮೂರನೆಯ ತಪ್ಪು, ಬಿಲ್ಲು ಹಿಡಿಯುವ ರೀತಿ. ಗಳ ಚಿಕ್ಕದಾದ್ದರಿಂದ ಕೈಯಲ್ಲೇ ಹಿಡಿಯಬೇಕಿತ್ತು. ಮುಖ ರಬ್ಬರಿನ ನೇರಕ್ಕೇ ಬರುತ್ತಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. “ಈ ರಬ್ಬರ್ ಹಾಕಿದ್ದು ಯಾವಾಗ?” ಅಂತ ಕೇಳಿದೆವು. ಒಬ್ಬರು ಹೋದ ವರ್ಷ ಅಂದರು. ಇನ್ನೊಬ್ಬರು ದೀಪಾವಳಿಗೆ ಅಂದರು. ಬಿಲ್ಲು ಮಳೆಗಾಲ ಕಳೆದ ಮೇಲೆ ಬಿಸಿಲಲ್ಲೇ ಬಿದ್ದಿತ್ತು ಅಂತ ಮತ್ತೊಬ್ಬರು ಹೇಳಿದರು. ಯಾರೂ ಬರೆದಿಟ್ಟಿರಲಿಲ್ಲ. ಅಕ್ಷರ ಕಲಿಸುವ ನಾವೂ ಬರೆದಿಟ್ಟಿರಲಿಲ್ಲ.

ರಬ್ಬರಿಗೂ ಆಯಸ್ಸು ಇದೆ

ಹಿಂದೆ ರಬ್ಬರ್ ಸೆಖೆಗೆ ಅಂಟಾಗುತ್ತಿತ್ತು. ಚಳಿಗೆ ಗಡುಸಾಗುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬುವರು ಒಂದು ದಾರಿ ಕಂಡುಕೊಂಡರು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಹದವಾಗುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತೆ ಆಗುತ್ತದೆ. ಸೈಕಲ್ ಟ್ಯೂಬ್, ಲಾರಿ ಟಯರ್, ಮಕ್ಕಳ ಬಿಲ್ಲು ಎಲ್ಲವೂ ಬಂದದ್ದು ಆಮೇಲೆಯೇ.

ಹದವಾದ ರಬ್ಬರೂ ಮುಪ್ಪಾಗುತ್ತದೆ. ಬಿಸಿಲು, ಸೆಖೆ, ಎಣ್ಣೆ, ಸೀಮೆಎಣ್ಣೆ ಇವು ಅದರ ಶತ್ರುಗಳು. ಮೊದಲು ಕೂದಲೆಳೆಯಷ್ಟು ಬಿರುಕು. ಆಮೇಲೆ ಒಂದೇ ಸಲ ಕಿತ್ತು ಹೋಗುತ್ತದೆ.

ಇನ್ನೊಂದು ಮಾತು. ಈಗಿನ ಅನೇಕ ಟ್ಯೂಬ್‌ಗಳು ಬ್ಯೂಟೈಲ್ ಎಂಬ ರಬ್ಬರಿನವು. ಗಾಳಿ ಹಿಡಿದಿಡಲು ಅವು ಒಳ್ಳೆಯವು. ಆದರೆ ಎಳೆದು ಬಿಟ್ಟರೆ ಚುರುಕಾಗಿ ಹಿಂದಕ್ಕೆ ಬರುವುದಿಲ್ಲ. ನೈಸರ್ಗಿಕ ರಬ್ಬರಿನ ಲ್ಯಾಟೆಕ್ಸ್ ಟ್ಯೂಬ್ ಬಿಲ್ಲಿಗೆ ಒಳ್ಳೆಯದು. ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಹೇಗೆ ಸರಿಮಾಡಿದೆವು?

ಅಮೆರಿಕದಲ್ಲಿ ಮರಗೆಲಸದವರು ‘ಬಿಗ್ ಶಾಟ್’ ಎಂಬ ಇಂಥದೇ ಬಿಲ್ಲು ಬಳಸುತ್ತಾರೆ. ಅದರ ಕೋಲು ಸುಮಾರು 8 ಅಡಿ. ನಾವೂ 8 ಅಡಿಯ ಗಟ್ಟಿ ಬಿದಿರು ತಂದೆವು. ಬಿದಿರು ಸೀಳದಂತೆ ತುದಿಗೆ ಕಬ್ಬಿಣದ ಬಳೆ ಹಾಕಿಸಿದೆವು. ಈಗ ಗಳದ ಬುಡ ನೆಲಕ್ಕೆ ಊರುತ್ತದೆ. ಬಲವನ್ನು ಕೈ ಹೊರುವುದಿಲ್ಲ, ನೆಲ ಹೊರುತ್ತದೆ. ರಬ್ಬರನ್ನು ಗಳದ ಉದ್ದಕ್ಕೂ ಕೆಳಗೆ ಎಳೆಯಬೇಕು. ಮುಖ ಒಂದು ಪಕ್ಕಕ್ಕೆ ಇರಬೇಕು.

ಕವೆಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದೆವು. ತಂತಿ ತೆಗೆದು ಎಸೆದೆವು. ಟ್ಯೂಬನ್ನು ಕೊಂಬಿಗೆ ಸುತ್ತಿ ಮಡಚಿ, ಅಗಲವಾದ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದೆವು. ಎರಡು ಟ್ಯೂಬನ್ನೂ ಪಕ್ಕಪಕ್ಕ ಇಟ್ಟು ಅಳೆದೆವು. ಒಂದು ಹಾಳಾದರೆ ಎರಡನ್ನೂ ಬದಲಾಯಿಸುವುದು ಅಂತ ತೀರ್ಮಾನ ಮಾಡಿದೆವು. ಹಳೆ ಎತ್ತು ಹೊಸ ಎತ್ತು ಜೋಡಿ ಕಟ್ಟಿದರೆ ನೇಗಿಲು ನೆಟ್ಟಗೆ ಹೋಗುತ್ತದೆಯೇ?

ಮೊದಲು ಕಲ್ಲು ಕಟ್ಟಿ ಹೊಡೆಯುತ್ತಿದ್ದೆವು. ಕಲ್ಲು ಕೊಂಬೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗ ಗಟ್ಟಿ ಬಟ್ಟೆಯ ಉದ್ದನೆಯ ಚೀಲ ಹೊಲಿದು ಮರಳು ತುಂಬಿದ್ದೇವೆ. ತೂಕ 300 ಗ್ರಾಂ. ನುಣ್ಣಗೆ ಜಾರಿ ಇಳಿಯುತ್ತದೆ. ದಾರವನ್ನು ನೆಲದ ಮೇಲೆ ಬಿಡುವುದಿಲ್ಲ. ಅಗಲ ಬುಟ್ಟಿಯಲ್ಲಿ ಸಡಿಲವಾಗಿ ತುಂಬುತ್ತೇವೆ. ಆಗ ಸಿಕ್ಕಾಗುವುದಿಲ್ಲ, ಯಾರ ಕಾಲಿಗೂ ಸುತ್ತುವುದಿಲ್ಲ.

ಹೊಡೆಯುವ ಮೊದಲು

ಸುತ್ತ ನೋಡಿ. ಹತ್ತಿರ ಕರೆಂಟಿನ ತಂತಿ ಇದ್ದರೆ ಆ ಮರಕ್ಕೆ ಬಿಲ್ಲು ಬೇಡವೇ ಬೇಡ. ಮರದಲ್ಲಿ ಹೆಜ್ಜೇನು ಇದೆಯೇ ನೋಡಿ. ಮರದ ಆಚೆ ಬದಿಯಲ್ಲೂ ಜನ, ದನ ಇರಬಾರದು. ಎಳೆಯುವವರು ಕಣ್ಣಿಗೆ ಕನ್ನಡಕ ಹಾಕಲೇಬೇಕು. ಮೊದಲ ಸಲ ಅರ್ಧ ಮಾತ್ರ ಎಳೆಯಿರಿ. ಚೀಲ ಮೇಲೆ ಸಿಕ್ಕಿಕೊಂಡರೆ ಜಗ್ಗಬೇಡಿ. ಜಗ್ಗಿದರೆ ಅದು ನೇರ ಮುಖಕ್ಕೇ ಬರುತ್ತದೆ. ಮೆಲ್ಲಗೆ ಸಡಿಲ ಬಿಟ್ಟು ಅಲ್ಲಾಡಿಸಿ.

ಹಗ್ಗ ಬೀಳಬೇಕಾದ್ದು ಹಸಿ ಇರುವ ದಪ್ಪ ಕೊಂಬೆಗೆ, ಕಾಂಡದ ಹತ್ತಿರ. ಹಗ್ಗ ಹಾಕಿದ ಮೇಲೆ ಇಬ್ಬರು ಜೋತು ಬಿದ್ದು ಪರೀಕ್ಷೆ ಮಾಡಿ. ಹತ್ತುವ ಕೆಲಸಕ್ಕೆಂದೇ ಮಾಡಿದ, 11–12 ಮಿಲಿಮೀಟರ್ ದಪ್ಪದ ಹಗ್ಗವೇ ಬೇಕು. ಬಾವಿ ಹಗ್ಗ ಸಾಲದು. ಸೊಂಟಕ್ಕೆ ಬರೀ ಹಗ್ಗ ಬಿಗಿಯಬೇಡಿ. ತೊಡೆಗೂ ಭುಜಕ್ಕೂ ಬರುವ ಬೆಲ್ಟ್ ಹಾಕಿ. ಗಂಟು ಹಾಕುವುದನ್ನೂ, ಕೆಳಗೆ ಹಗ್ಗ ಹಿಡಿಯುವುದನ್ನೂ ಬಲ್ಲವರ ಕೈಯಿಂದಲೇ ಕಲಿಯಿರಿ. ನಮ್ಮ ಈ ಮಾತು ಕೇಳಿದ್ದಷ್ಟಕ್ಕೇ ಮರ ಹತ್ತಬೇಡಿ.

ಬಿಲ್ಲಿನ ಪುಸ್ತಕ

ಈಗ ನಮ್ಮ ಬಿಲ್ಲು ಬಿಸಿಲಲ್ಲಿ ಬಿದ್ದಿರುವುದಿಲ್ಲ. ರಬ್ಬರ್ ಬಿಚ್ಚಿ, ಪೌಡರ್ ಸವರಿ, ಡಬ್ಬಿಯಲ್ಲಿ ಇಡುತ್ತೇವೆ. ಡಬ್ಬಿಯ ಜೊತೆ ಒಂದು ಪುಸ್ತಕ ಇದೆ. ಅದರಲ್ಲಿ ನಾಲ್ಕು ಸಾಲು ಬರೆಯಬೇಕು. ಹಲಗೆ ಮೇಲೆ ಬರೆದಿದ್ದೇವೆ, ಎಲ್ಲರೂ ಓದಿ:

ರಬ್ಬರ್ ಹಾಕಿದ ದಿನ.
ಇವತ್ತು ಎಷ್ಟು ಸಲ ಹೊಡೆದೆವು?
ಎಡ ರಬ್ಬರ್ ಹೇಗಿದೆ? ಬಲ ರಬ್ಬರ್ ಹೇಗಿದೆ?
ನೋಡಿದವರ ಸಹಿ.

ಈ ಪುಸ್ತಕ ಯಾರ ಕೈಯಲ್ಲಿದೆ ಗೊತ್ತೆ? ಮರದಿಂದ ಬಿದ್ದ ಆ ಅಣ್ಣನ ಹೆಂಡತಿಯ ಕೈಯಲ್ಲಿ. ಅವರೇ ಕೇಳಿ ತೆಗೆದುಕೊಂಡರು.

ಈ ವರ್ಷ ಮಿಡಿ ಕೊಯ್ಲಿನ ಒಂದು ಬೆಳಿಗ್ಗೆ. ವ್ಯಾಪಾರಿಯ ಗಾಡಿ ಬಂದು ನಿಂತಿತ್ತು. ಕೊಯ್ಯುವವರು ಅವಸರದಲ್ಲಿದ್ದರು. ಆ ಅಕ್ಕ ರಬ್ಬರನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ಎಳೆದು ನೋಡಿದರು. ಕಟ್ಟಿನ ಪಕ್ಕ ಕೂದಲೆಳೆಯಷ್ಟು ಬಿರುಕು ಇತ್ತು.

“ಒಂದೇ ಸಲ ಹೊಡೀತೀವಿ ಅಕ್ಕಾ, ಏನಾಗಲ್ಲ” ಅಂದರು ಹುಡುಗರು.

“ನಮ್ಮನೆಯವ್ರೂ ಅವತ್ತು ಹಾಗೇ ಹೇಳಿ ಹತ್ತಿದ್ರು” ಅಂದರು ಅಕ್ಕ.

ಯಾರೂ ಮಾತಾಡಲಿಲ್ಲ. ಅಕ್ಕ ಪುಸ್ತಕ ತೆಗೆದು ಬರೆದರು: “ಎಡ ರಬ್ಬರ್ ಬಿರುಕ. ಇವತ್ತು ಬಿಲ್ಲು ಬೇಡ.” ಕೆಳಗೆ ಸಹಿ ಹಾಕಿದರು. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದವರ ಸಹಿ ಅದು. ಆ ದಿನದ ಕೊಯ್ಲು ನಿಂತಿತು. ಮರುದಿನ ಹೊಸ ಜೋಡಿ ಕಟ್ಟಿದ ಮೇಲೆಯೇ ದಾರ ಮೇಲೆ ಹೋಯಿತು. ಹತ್ತಿದವರೆಲ್ಲ ಸಂಜೆ ಮನೆಗೆ ನಡೆದುಕೊಂಡೇ ಹೋದರು.

‘ಬಿರುಕು’ ಅನ್ನುವ ಪದದಲ್ಲಿ ಒಂದು ಕೊಂಬು ಬಿಟ್ಟುಹೋಗಿದೆ, ನಿಜ. ನಾವು ತಿದ್ದಿಲ್ಲ. ಅದು ಮಾಡಬೇಕಾದ ಕೆಲಸ ಮಾಡಿದೆ.

ಬಂಧುಗಳೇ, ನಿಮ್ಮ ಮನೆಯಲ್ಲೂ ಇಂಥ ಸಾಮಾನು ಇವೆ. ಬಾವಿಯ ಹಗ್ಗ, ಅಟ್ಟದ ಏಣಿ, ಔಷಧಿ ಹೊಡೆಯುವ ಪಂಪು. ಅವುಗಳನ್ನು ತಂದ ದಿನ ಯಾವುದು? ನೋಡಿದ ದಿನ ಯಾವುದು? ಇವತ್ತು ಮನೆಗೆ ಹೋಗಿ ಒಂದೊಂದು ಸಾಲು ಬರೆಯಿರಿ. ನಾಳೆ ತನ್ನಿ, ಎಲ್ಲರೂ ಸೇರಿ ಓದೋಣ.