ವಂಶದ ಪಾಲೆಷ್ಟು, ನಮ್ಮ ಪಾಲೆಷ್ಟು

ಮಕ್ಕಳೇ, ದೀಪ ಹಚ್ಚಿಯಾಯಿತು, ನಿಮ್ಮ ವಿಜ್ಞಾನ ವಸ್ತುಪ್ರದರ್ಶನ ಶುರುವಾಯಿತು ಅಂತಲೇ ತಿಳಿಯಿರಿ. ರಾಕೆಟ್ಟು, ರೋಬೋಟುಗಳ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಿವೃತ್ತಿಯಾದವಳು, ಅದನ್ನೇ ಮಾತಾಡುತ್ತೇನೆ.

ನನ್ನ ಕೆಲಸದ ದಿನಗಳಲ್ಲಿ ನಮ್ಮಲ್ಲಿ ರಕ್ತಕಣ ಎಣಿಸುವ ಯಂತ್ರವಿರಲಿಲ್ಲ. ಸ್ಲೈಡಿನ ಮೇಲೆ ರಕ್ತ ಸವರಿ, ಲೀಷ್‌ಮನ್ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೂರು ಬಿಳಿ ರಕ್ತಕಣಗಳನ್ನು ಒಂದೊಂದಾಗಿ ವಿಂಗಡಿಸುತ್ತಿದ್ದೆವು. ಒಮ್ಮೆ ಲಾರಿ ಡ್ರೈವರ್ ಒಬ್ಬರು ಬಂದರು. ಜ್ವರವಿಲ್ಲ, ಗಾಯವಿಲ್ಲ, ಬಿಳಿ ಕಣ ಮಾತ್ರ ಹೆಚ್ಚು. ಬೀಡಿ ಸೇದುವವರಲ್ಲಿ ಹೀಗಾಗುವುದುಂಟು. ಕೇಳಿದೆ. “ದಿನಕ್ಕೊಂದು ಕಟ್ಟು ಮೇಡಂ. ನಮ್ಮಪ್ಪನೂ ಸೇದ್ತಿದ್ರು, ಎಂಬತ್ತು ದಾಟಿದ್ರು. ನಮ್ಮ ವಂಶವೇ ಗಟ್ಟಿ” ಅಂದರು.

ಈ ‘ಗಟ್ಟಿ ವಂಶ’ದ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಜ್ಞಾನಿಗಳು 210 ಅವಳಿಗಳ ರಕ್ತ ತೆಗೆದು, ರೋಗನಿರೋಧಕ ವ್ಯವಸ್ಥೆಯ ಇನ್ನೂರಕ್ಕೂ ಹೆಚ್ಚು ಅಂಶಗಳನ್ನು ಅಳೆದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮುಕ್ಕಾಲು ಪಾಲು ಅಂಶಗಳಲ್ಲಿ ವಂಶವಾಹಿಗಿಂತ ಉಳಿದ ಪ್ರಭಾವಗಳದ್ದೇ ಮೇಲುಗೈ. ಒಂದೇ ಬಗೆಯ ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಹೊತ್ತ ಅವಳಿಗಳ ರಕ್ತವೂ ವಯಸ್ಸಾದಂತೆ ಬೇರೆ ಬೇರೆ ದಾರಿ ಹಿಡಿಯುತ್ತದೆ.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಸಾವಿರ ಆರೋಗ್ಯವಂತರನ್ನು ಪರೀಕ್ಷಿಸಿದರು. ಹುಟ್ಟಿನಿಂದ ಬಂದ, ರೋಗಕ್ಕೆ ಕೂಡಲೇ ಎದುರುಬೀಳುವ ಕಣಗಳಲ್ಲಿ ಜೀನಿನ ಮಾತು ಹೆಚ್ಚು ನಡೆಯುತ್ತದೆ. ಕಂಡ ರೋಗವನ್ನು ನೆನಪಿಡುವ ಟಿ ಕಣಗಳಲ್ಲಿ ವಯಸ್ಸು, ಹಳೆಯ ಸೋಂಕು, ಧೂಮಪಾನಗಳ ಕೈವಾಡ ಜಾಸ್ತಿ. ಅದೇ ತಂಡ 2024ರಲ್ಲಿ ಇನ್ನೊಂದು ಸಂಗತಿ ಹೇಳಿತು: ಸೇದುವುದು ಬಿಟ್ಟರೆ ಕೂಡಲೇ ಎದುರುಬೀಳುವ ಕಣಗಳ ಪ್ರತಿಕ್ರಿಯೆ ಬೇಗ ಹದಕ್ಕೆ ಬರುತ್ತದೆ, ನೆನಪಿಡುವ ಕಣಗಳ ಮೇಲಿನ ಪರಿಣಾಮ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಡಿಎನ್‌ಎ ಮೇಲೆ ಅಂಟುವ ರಾಸಾಯನಿಕ ಗುರುತುಗಳಿಗೂ ಹೀಗೆ ಉಳಿಯುವ ಪರಿಣಾಮಕ್ಕೂ ನಂಟಿದೆ. ಬಿಟ್ಟವರಿಗೆ ಖಂಡಿತ ಲಾಭವಿದೆ. ಶುರುವೇ ಮಾಡದವರಿಗೆ ಇನ್ನೂ ಹೆಚ್ಚು.

ಅದಕ್ಕೇ ನನಗೆ ನಿಮ್ಮ ವಯಸ್ಸಿನವರ ಚಿಂತೆ. ಬರುವಾಗ ಗೇಟಿನೆದುರು ಗೂಡಂಗಡಿ ಕಂಡೆ. ಸಿಗರೇಟು ಬಿಡಿಬಿಡಿಯಾಗಿ ಮಾರುತ್ತಿದ್ದರು. ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯಿದೆಯೇ ಹೇಳುತ್ತದೆ. ಪ್ರಾಂಶುಪಾಲರೇ, ಭೌತಶಾಸ್ತ್ರದ ಮಕ್ಕಳ ಕೈಗೆ ಇವತ್ತೇ ಒಂದು ಟೇಪು ಕೊಟ್ಟು ದೂರ ಅಳೆಸಿ. ಲೆಕ್ಕ ಬರೆದು ಅರ್ಜಿ ತಯಾರಿಸಿ, ಮೊದಲ ಸಹಿ ನಾನು ಹಾಕುತ್ತೇನೆ. ಸ್ಟಾಲುಗಳನ್ನು ಆಮೇಲೆ ನೋಡೋಣ.