ಲೇಬಲ್ ಹೇಳದ ಊರುಗಳು



ಹತ್ತಿ ಹೂವಿಗೆ ಕ್ರಾಸಿಂಗ್ ಮಾಡುವುದನ್ನು ಹಾವೇರಿ, ಕೊಪ್ಪಳದ ಕಡೆಯವರು ನೋಡಿಯೇ ಇರುತ್ತೀರಿ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಹಿಡಿದು, ಉಗುರಿನಿಂದ ಎಸಳು, ಕೇಸರ ಎಲ್ಲ ಸುಲಿದುಹಾಕುತ್ತಾರೆ. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರುತ್ತಾರೆ. ಒಂದೊಂದೇ ಹೂವಿಗೆ, ಕೈಯಿಂದಲೇ, ವಾರಗಟ್ಟಲೆ. ಹೈಬ್ರಿಡ್ ಹತ್ತಿ ಬೀಜ ಹುಟ್ಟುವುದು ಹೀಗೆ. ದರ ಗೊತ್ತುಮಾಡುವುದು ಬೀಜದ ಕಂಪನಿ, ನಡುವೆ ಏಜೆಂಟರು, ಹೊಲ ರೈತನದು. ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದೇ. ಆ ದರದಲ್ಲಿ ದೊಡ್ಡವರಿಗೆ ಕೂಲಿ ಕೊಟ್ಟು ಪೂರೈಸದಿದ್ದಾಗ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಶಾಲೆ ಬಿಡಿಸಿ ಹೊಲಕ್ಕಿಳಿಸಿದ್ದು ಆಂಧ್ರ, ಗುಜರಾತ್, ಕರ್ನಾಟಕಗಳಲ್ಲಿ ದಾಖಲಾಗಿದೆ.

ಆ ಬೀಜ ಹತ್ತಿಯಾಗಿ, ಜಿನ್ನಿಂಗ್ ಮಿಲ್ಲು, ನೂಲಿನ ಗಿರಣಿ, ಮಗ್ಗ, ಬಣ್ಣದ ಮನೆ ದಾಟಿ ಅಂಗಿಯಾಗುವಷ್ಟರಲ್ಲಿ ಎಷ್ಟೋ ಕೈ ಬದಲಾಗಿರುತ್ತದೆ. ವಿದೇಶದ ಕಂಪನಿಗೆ ಸಾಮಾನ್ಯವಾಗಿ ಕರಾರು ಇರುವುದು ಕೊನೆಯ ಕೈಯೊಡನೆ, ಅಂದರೆ ಹೊಲಿಯುವ ಗಾರ್ಮೆಂಟ್ಸ್ ಜೊತೆ. ಆಡಿಟ್ ಕೂಡ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ಅಲ್ಲಿಯಾದರೂ ಆಡಿಟ್‌ನ ಕಣ್ಣಿಗೆ ಎಲ್ಲ ಬೀಳುತ್ತದೆಯೇ? ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ 2012ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂಬ ಅಂತರರಾಷ್ಟ್ರೀಯ ಸರ್ಟಿಫಿಕೇಟು ಅದಕ್ಕೆ ಸಿಕ್ಕಿದ್ದು ಕೆಲವೇ ವಾರ ಮೊದಲು. ಮರುವರ್ಷ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಅದು ಬಿರುಕು ಬಿಟ್ಟಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕರೆಸಿಕೊಂಡರು. ಸತ್ತವರು 1,100ಕ್ಕೂ ಹೆಚ್ಚು. ಅಲ್ಲಿ ಹೊಲಿದದ್ದು ಯಾರ ಬಟ್ಟೆ ಎಂದು ತಿಳಿಯಲು ಅವಶೇಷದಲ್ಲಿ ಲೇಬಲ್, ಆರ್ಡರ್ ಕಾಗದ ಹುಡುಕಬೇಕಾಯಿತು.

ಕೊಳ್ಳುವ ಕಂಪನಿಗೇ ಗೊತ್ತಿಲ್ಲದಂತಾಗುವುದು ಹೇಗೆ? ಆರ್ಡರ್ ದೊಡ್ಡದು, ದರ ಬಿಗಿ, ಹಡಗಿಗೆ ಹಾಕುವ ತಾರೀಖು ಇನ್ನೂ ಬಿಗಿ. ಕಾರ್ಖಾನೆಯವನು ಅರ್ಧ ಕೆಲಸವನ್ನು ಸದ್ದಿಲ್ಲದೆ ಇನ್ನೊಂದು ಸಣ್ಣ ಯೂನಿಟ್ಟಿಗೆ ದಾಟಿಸುತ್ತಾನೆ. ನಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಕೊಡಕೂಡದು ಎಂದು ಕರಾರಿನಲ್ಲಿ ಬರೆಸಿಕೊಂಡ ಕಂಪನಿಯೇ, ಹೊರಗೆ ಕೊಡದೆ ವಿಧಿಯಿಲ್ಲದಂಥ ದರವನ್ನೂ ಬರೆಸಿಕೊಂಡಿರುತ್ತದೆ. ನನ್ನ ದೃಷ್ಟಿಯಲ್ಲಿ ಮೂಲ ಗಂಟು ಇರುವುದು ಇಲ್ಲಿ. ಮೇಲಿನವರು ಚೌಕಾಸಿ ಮಾಡಿ ಉಳಿಸಿದ ಹಣವನ್ನು ಕೊನೆಗೆ ತುಂಬಿಕೊಡುವವರು ಕೆಳಗಿನವರು. ನೀತಿಸಂಹಿತೆಯ ಪುಸ್ತಕವನ್ನು ಎಷ್ಟು ಚೆಂದ ಮುದ್ರಿಸಿದರೂ ಆ ಲೆಕ್ಕ ಬದಲಾಗದು.

ಕಾನೂನುಗಳೂ ಮೊದಲ ಮೆಟ್ಟಿಲಲ್ಲೇ ಹೆಚ್ಚು ಹೊತ್ತು ನಿಲ್ಲುತ್ತವೆ. 2023ರ ಜನವರಿಯಲ್ಲಿ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ನೇರ ಪೂರೈಕೆದಾರರನ್ನು ಕ್ರಮವಾಗಿ ಪರಿಶೀಲಿಸಬೇಕು. ಅವರಿಗಿಂತ ಕೆಳಗಿನವರನ್ನು ಉಲ್ಲಂಘನೆಯ ಖಚಿತ ಸುಳಿವು ಸಿಕ್ಕಾಗ ಮಾತ್ರ ಪರಿಶೀಲಿಸಿದರೆ ಸಾಕು. ಹಾಗಾದರೆ ತಿಳಿಯದೆ ಇರುವುದೇ ಲಾಭವಲ್ಲವೇ?

ಇದಕ್ಕಿಂತ ಗಟ್ಟಿಯಾದದ್ದು ಪಕ್ಕದ ತಮಿಳುನಾಡಿನಲ್ಲಿ ನಡೆಯಿತು. ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ಸ್ ಒಂದರ ದಲಿತ ಯುವತಿ 2021ರ ಜನವರಿಯಲ್ಲಿ ಕೊಲೆಯಾದಳು. ಮಹಿಳೆಯರೇ ಮುಂದಾಳುಗಳಾಗಿರುವ ಕಾರ್ಮಿಕ ಸಂಘ ಹೋರಾಟಕ್ಕಿಳಿಯಿತು. 2022ರ ಏಪ್ರಿಲ್‌ನಲ್ಲಿ ಸಂಘ ಮತ್ತು ಕಾರ್ಖಾನೆಯ ನಡುವೆ ದಿಂಡಿಗಲ್ ಒಪ್ಪಂದವಾಯಿತು. ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಆ್ಯಂಡ್ ಎಂ ಕಂಪನಿ ಕೂಡ ಅದಕ್ಕೆ ಕಟ್ಟುಬಿತ್ತು. ಅಪರೂಪದ ಸಂಗತಿಯೆಂದರೆ ಹೊಲಿಗೆಯ ಕಾರ್ಖಾನೆಯ ಜೊತೆಗೆ ಅದೇ ಸಮೂಹದ ನೂಲಿನ ಗಿರಣಿಯೂ ಇದರೊಳಗೆ ಬಂತು. ಕಿರುಕುಳ, ಜಾತಿಭೇದ ಕಂಡರೆ ಹೇಳಲು ಕೆಲಸಗಾರ್ತಿಯರಿಗೇ ತರಬೇತಿ ಕೊಟ್ಟು ನಿಲ್ಲಿಸಿದರು. ಆಡಿಟರ್ ಬಂದು ಹೋಗುತ್ತಾನೆ, ಇವರು ದಿನವೂ ಅಲ್ಲೇ ಇರುತ್ತಾರೆ.

ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ಸ್‌ಗಳಿಗೂ ಇಂಥ ಒಪ್ಪಂದ ಬೇಕು. ಅಂಗಿ ಕೊಳ್ಳುವ ಒಬ್ಬರಿಗೆ ಇದನ್ನೆಲ್ಲ ಕೇಳುವ ಬಲ ಇರುವುದಿಲ್ಲ, ನಿಜ. ಸಾವಿರಗಟ್ಟಲೆ ಕೊಳ್ಳುವವರಿಗೆ ಇರುತ್ತದೆ. ನೀವು ಶಾಲೆಯ ಆಡಳಿತ ಮಂಡಳಿಯಲ್ಲೋ ಆಸ್ಪತ್ರೆಯ ಖರೀದಿ ವಿಭಾಗದಲ್ಲೋ ಇದ್ದರೆ, ಸಮವಸ್ತ್ರಕ್ಕೆ ದರಪಟ್ಟಿ ಕರೆಯುವಾಗ ಎರಡು ಸಾಲು ಸೇರಿಸಿ: ಹೊಲಿಯುವುದು ಎಲ್ಲಿ, ನೂಲು ಯಾವ ಗಿರಣಿಯದು. ಉತ್ತರ ಬರೆದು ಕೊಟ್ಟವರ ದರ ನಾಲ್ಕು ರೂಪಾಯಿ ಹೆಚ್ಚಿದ್ದರೂ ಅವರನ್ನೇ ಆರಿಸಿ.